ತಾಂಡೇಲನ ಮೊಸರನ್ನ

ಶ್ರೀರಾಮ: ಎದುರಿಗೆ ಕೂತು ಆನೇ ತಿಂದು ತೋರಿಸಿದ್ದಿ. ಇನ್ನೆಂತ ಮಾಡಕ್ಕು? ತುತ್ತು ಬಾಯೊಳಗೆ ಹಾಕಿ ಗಂಟಲು ನೀವಕ್ಕಾ?

ಶಾಂಭವಿ: ನಿಂಗ ತಿಂದಿದ್ದು ತೋರಿಸಲೆ ಅಲ್ಲ, ಹಸಿವಾಗಿ. ಅದರ ಪಾಲಿನ ಅನ್ನವೂ ನಿಂಗಳ ಹೊಟ್ಟೆಗೇ ಹೋತು.

ಶ್ರೀರಾಮ: ವಿಡಿಯೋದಲ್ಲಿ ಹಾಂಗೇ ಇದ್ದು. ಮೊದಲು ಯಜಮಾನ ತಿನ್ನಕ್ಕು, ನಾಯಿ ನೋಡಿ ಕಲಿಯಕ್ಕು.

ಶಾಂಭವಿ: ನೋಡಿದ್ದು. ನೋಡಿ ಮಲಗಿದ್ದು.

ಶ್ರೀರಾಮ: ವಯಸ್ಸಾದ ನಾಯಿ. ತಲೆಗೆ ಹೋಪಲೆ ಸ್ವಲ್ಪ ಹೊತ್ತು ಬೇಕಾಗ್ತು.

ಶಾಂಭವಿ: ತಲೆಗೆ ಹೋಪದು ಆಮೇಲಿರ್ಲಿ. ಮೊದಲು ಹೊಟ್ಟೆಗೆ ಎಂತಾದ್ರೂ ಹೋಗ್ಲಿ.

ಹೊನ್ನಾವರದ ನಮ್ಮ ಹವ್ಯಕರ ಕೇರಿಗೆ ಈಚೆಗೆ ಇದೇ ಸುಪ್ರಭಾತ; ನಮ್ಮ ಮಾತಿನಲ್ಲಿ ಆನು ಎಂದರೆ ನಾನು, ಯಂಗೆ ಎಂದರೆ ನನಗೆ. ನಾನು ಪಕ್ಕದ ಮನೆಯವನು. ಕದ್ದು ಕೇಳುವ ಚಾಳಿ ನನಗಿಲ್ಲ. ಎರಡು ಮನೆಗಳ ನಡುವೆ ಇರುವುದು ಒಂದು ಗಿಡ್ಡ ಗೋಡೆ, ಅದರಾಚೆ ಗಂಡ ಹೆಂಡತಿ ಇಬ್ಬರಿಗೂ ದೇವರು ಧಾರಾಳವಾಗಿ ಗಂಟಲು ಕೊಟ್ಟಿದ್ದಾನೆ. ಕಿವಿ ಮುಚ್ಚಿಕೊಂಡು ಬದುಕಲು ನಾನೇನು ಹಿಮಾಲಯದಲ್ಲಿದ್ದೇನೆಯೇ?

ಶ್ರೀರಾಮ ಹೆಗಡೆ ಕುಮಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಾನೆ. ಶಾಂಭವಿ ಇಲ್ಲಿಯೇ ವಿಮಾ ಕಚೇರಿಯಲ್ಲಿದ್ದಾಳೆ. ಈರುಳ್ಳಿಯನ್ನು ಕೂಡ ಏಕಾದಶಿ ನೋಡಿ ಹೆಚ್ಚುವ ಮನೆ ಅದು. ಅಂಥ ಮನೆಯ ಸಿಟೌಟಿನಲ್ಲಿ ಈಗ ಕಾಲು ಚಾಚಿ ಮಲಗಿರುವುದು ತಾಂಡೇಲ. ಬೋಟು ನಡೆಸುವವನನ್ನು ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಈ ನಾಯಿ ಮಾವಿನಕುರ್ವೆಯ ತಿಮ್ಮನ ಬೋಟಿನ ಮೂತಿಯಲ್ಲಿ ಕೂತು ಶರಾವತಿಯ ಅಳಿವೆ ದಾಟುತ್ತಿತ್ತು, ಹಾಗಾಗಿ ಈ ಹೆಸರು. ತಿಮ್ಮ ಬೋಟು ಮಾರಿ ಮಗಳು ದೀಕ್ಷಾಳ ಮನೆ ಸೇರಲು ಮಲ್ಪೆಗೆ ಹೋದ. ಅಲ್ಲಿ ಬಾಡಿಗೆ ಮನೆಯ ಮಾಲಕರು ನಾಯಿ ಬೇಡ ಎಂದರು. ಬಂದರದ ಕಟ್ಟೆಯ ಮೇಲೆ ಉಳಿದ ಮುದಿ ನಾಯಿಯ ಕಿವಿಯನ್ನು ಅಲ್ಲಿಯ ಎಳೆಯ ನಾಯಿಗಳು ಸೇರಿ ಹರಿದವು. ಬೆಳಗಿನ ವಾಕಿಂಗಿಗೆ ಹೋದ ಶಾಂಭವಿ ಅದನ್ನು ಕಂಡಳು, ಕರೆದಳು, ಅದು ಬಂದುಬಿಟ್ಟಿತು. ಇಷ್ಟೇ ಕತೆ. ಮುಂದಿನದು ಊಟದ ಕತೆ.

ಜನ್ಮವೆಲ್ಲ ಬಂಗಡೆ ಮೀನಿನ ತಲೆ ತಿಂದು ಬೆಳೆದ ಪ್ರಾಣಿಗೆ ಮೊಸರನ್ನ ಕಲಿಸಬೇಕು. ಶ್ರೀರಾಮ ಇದನ್ನು ಒಂದು ಪ್ರಯೋಗವೆಂದು ಕೈಗೆತ್ತಿಕೊಂಡ. ಯಾವುದೋ ದೇಶದ ತರಬೇತುದಾರನ ವಿಡಿಯೋ ನೋಡಿದ. ಮಾತು ಕೇಳಿದಾಗಲೆಲ್ಲ ಒಂದು ತುಂಡು ಕೋಳಿ ಕೊಡಿ ಎಂದು ಆ ಪುಣ್ಯಾತ್ಮ ಹೇಳಿದ್ದನಂತೆ. ನಮ್ಮ ಮನೆಯಲ್ಲಿ ಕೋಳಿಯ ಜಾಗಕ್ಕೆ ಅವಲಕ್ಕಿ ಎಂದು ಶ್ರೀರಾಮ ತಿದ್ದುಪಡಿ ಮಾಡಿದ. ತಾಂಡೇಲ ಅವಲಕ್ಕಿಯನ್ನು ಮೂಸಿ, ಇದು ಯಾರದೋ ಸಾಮಾನು ಇಲ್ಲಿ ಬಿದ್ದಿದೆ ಎಂಬಂತೆ ದಾಟಿ ಹೋಯಿತು. ತಂಬುಳಿಯಾಯಿತು, ಮೊಸರು ಬೆರೆಸಿದ ಹಸಿಯಾಯಿತು, ತುಪ್ಪ ಹಾಕಿ ಕಲಸಿದ್ದೂ ಆಯಿತು. ಅಂಗಡಿಯಿಂದ ನಾಯಿಯ ಆಹಾರದ ಪೊಟ್ಟಣ ತಂದ. ಮನೆಗೆ ಬಂದು ಕನ್ನಡಕ ಹಾಕಿ ಓದಿದರೆ ಅದರಲ್ಲಿ ಮೀನಿನ ಪುಡಿ. ಒಡೆಯದ ಪೊಟ್ಟಣವನ್ನು ಚಿಮಟದಲ್ಲಿ ಹಿಡಿದಂತೆ ಹಿಡಿದು ವಾಪಸು ಕೊಟ್ಟು ಬಂದ. ಕುಮಟೆಯ ಪಶುವೈದ್ಯರು ಬಾಯಿ ಬಿಡಿಸಿ ನೋಡಿ, ಹಲ್ಲು ಸರಿಯಿದೆ, ಹೊಟ್ಟೆ ಸರಿಯಿದೆ, ಇರುವುದು ಹಠ ಮಾತ್ರ, ಆದರೆ ಹೀಗೇ ಉಪವಾಸ ಬಿದ್ದರೆ ಹೆಚ್ಚು ದಿನ ತಡೆಯುವುದಿಲ್ಲ ಎಂದು ಕಳಿಸಿದರು.

ಶ್ರೀರಾಮ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಹೇಳಿ ಹಿರಿಯರು ಸುಮ್ನೆ ಹೇಳಿದ್ದಲ್ಲ.

ಶಾಂಭವಿ: ಮೊನ್ನೆ ನಿಂಗಳೇ ಅಲ್ದಾ, ವಿಜ್ಞಾನದಲ್ಲಿ ಆಗ್ತಿಲ್ಲೆ ಹೇಳೂದೇ ಇಲ್ಲೆ ಹೇಳಿ ಹೇಳಿದ್ದು?

ಶ್ರೀರಾಮ: ಅದು ನಾಯಿ ನೋಡೂದಕ್ಕಿಂತ ಮೊದಲು ಹೇಳಿದ್ದು. ನೋಡು, ಸಂಕಷ್ಟಿಯೊಳಗೆ ನಮ್ಮನೆ ಊಟ ಉಂಡ್ರೆ ಇರ್ಲಿ. ಇಲ್ದಿದ್ರೆ ಬಂದರಕ್ಕೆ ಬಿಟ್ಟು ಬಪ್ಪದೇ.

ಶಾಂಭವಿ: ಅಲ್ಲಿಯ ನಾಯಿಗಳು ಇದರ ಇನ್ನೊಂದು ಕಿವಿಯನ್ನೂ ಹರಿತ.

ಶ್ರೀರಾಮ: ಹಾಂಗೆ ಹೇಳಿ ನಮ್ಮನೆ ಒಲೆ ಮೇಲೆ ಬಂಗಡೆ ಬೇಯ್ಸಲಾಗ್ತಾ?

ಶಾಂಭವಿ: ಬೇಯ್ಸಿ ಹೇಳಿ ಆನು ಹೇಳಿದ್ನಾ? ಅದು ಇಲ್ಲೇ ಇರಕ್ಕು ಹೇಳಿದ್ದಿ, ಅಷ್ಟೇ. ಆಫೀಸಿಂದ ಬಂದಾಗ ಈ ಮನೇಲಿ ಎದ್ದು ಬಾಗಿಲಿಗೆ ಬಪ್ಪದು ಅದೊಂದೇ. ನಿಂಗ ಮೊಬೈಲಿಂದ ತಲೆ ಎತ್ತಿ ನೋಡೂದೂ ಇಲ್ಲೆ.

ಇಷ್ಟು ಹೇಳಿ ಅವಳು ಮೊಸರನ್ನದ ತಟ್ಟೆ ಎತ್ತಿಕೊಂಡಳು. ಸಣ್ಣ ವಿಷಯವೆಂದು ನಗಬೇಡಿ. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಬಾಗಿಲಿಗೆ ಯಾರು ಬರುತ್ತಾರೆ ಎನ್ನುವುದು ಹೆಂಗಸರಿಗೆ ದೊಡ್ಡ ವಿಷಯವೇ. ಶ್ರೀರಾಮ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದ.

ಅಷ್ಟರಲ್ಲಿ ಬೆಳ್ಳಿ ಬಂದಳು. ಬೆಳ್ಳಿ ಮಾವಿನಕುರ್ವೆಯಿಂದ ಮೀನು ತರುವವಳು. ನಮ್ಮ ಕೇರಿಯಲ್ಲಿ ಮೀನು ಕೊಳ್ಳುವವರಿಲ್ಲ, ಹಿಂದಿನ ಕ್ವಾರ್ಟರ್ಸಿಗೆ ಇದು ಅವಳ ಅಡ್ಡದಾರಿ. ಬೇರೆ ಕಡೆ ಊರೇ ಏಳುವಂತೆ ಕೂಗುವ ಬೆಳ್ಳಿ ನಮ್ಮ ಕೇರಿಯ ತುದಿ ದಾಟುವವರೆಗೆ ತುಟಿ ಬಿಚ್ಚುವುದಿಲ್ಲ. ನೀಲಿ ಪ್ಲಾಸ್ಟಿಕ್ ಟಬ್ಬಿನ ಮೇಲೆ ಸಾಗವಾನಿ ಎಲೆ ಹೊದಿಸಿ, ಪರೀಕ್ಷೆ ನಡೆಯುವ ಕೋಣೆಯ ಪಕ್ಕದಲ್ಲಿ ಹೋಗುವವರ ಹಾಗೆ ಮೆಲ್ಲಗೆ ಹೋಗುತ್ತಾಳೆ. ಹೀಗೆ ಮಾಡೆಂದು ಅವಳಿಗೆ ಯಾರೂ ಹೇಳಿಲ್ಲ. ಅವಳ ಅತ್ತೆ ಹಾಗೆ ಹೋಗುತ್ತಿದ್ದಳು, ಇವಳೂ ಹಾಗೆ ಹೋಗುತ್ತಾಳೆ, ನಾವೂ ಅವಳು ಕಾಣಲೇ ಇಲ್ಲ ಎಂಬಂತೆ ಕೂತಿರುತ್ತೇವೆ. ಎರಡೂ ಕಡೆಗೆ ಅನುಕೂಲ.

ಅವತ್ತು ಮಾತ್ರ ತಿಮ್ಮನ ನಾಯಿಯ ಗುರುತು ಹತ್ತಿ ಗೇಟಿನ ಹೊರಗೆ ನಿಂತಳು. ತಲೆಯ ಮೇಲಿನ ಭಾರ ಇಳಿಸಿ ಸೊಂಟ ನೀವಿಕೊಂಡಳು. ತಾಂಡೇಲ ಎದ್ದಿತು. ಗೇಟಿನವರೆಗೆ ಹೋಗಿ ಟಬ್ಬನ್ನು ಕಂಡಿತು, ಮೂಗು ಎತ್ತಿ ಒಂದು ದೀರ್ಘ ಉಸಿರೆಳೆಯಿತು. ಶಾಂಭವಿ ಮೊಸರನ್ನದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು, ಹಾಗೇ ಮುಂದಿಟ್ಟಳು. ಕಣ್ಣು ಟಬ್ಬಿನ ಮೇಲೆ, ನಾಲಿಗೆ ತಟ್ಟೆಯ ಮೇಲೆ. ತಟ್ಟೆ ತೊಳೆಯುವ ಕೆಲಸವೂ ಉಳಿಯಲಿಲ್ಲ.

ಬೆಳ್ಳಿ: ಉಂಡಿತಲ್ಲ ಅಮ್ಮಾ. ಮತ್ತೆ ಉಣ್ಣೂದಿಲ್ಲ ಅಂತ ಕೇರಿಯೆಲ್ಲ ಸುದ್ದಿ?

ಶಾಂಭವಿ: ನಾಳೆಯೂ ಇಲ್ಲೇ ಇಳಿಸು ಬೆಳ್ಳಿ. ಅದು ಉಂಡು ಮುಗಿಸೂವರೆಗೆ ಕೂತ್ಕೊ.

ಬೆಳ್ಳಿ: ಬೇಡ ಅಮ್ಮಾ. ನಿಮ್ಮ ಗೇಟಿನೆದುರು ಟಬ್ಬು ಇಳಿಸಿದ್ರೆ ನನಗೆಂತದೂ ಆಗೂದಿಲ್ಲ. ನಿಮ್ಮ ಮರ್ಯಾದೆ ಹೋತದೆ.

ಶಾಂಭವಿ: ಮರ್ಯಾದೆ ಇಟ್ಕೊಂಡು ನಾಯಿ ಹೊಟ್ಟೆ ತುಂಬೂದಿಲ್ಲ.

ಶ್ರೀರಾಮ: ತಡಿ, ತಡಿ. ಇಳಿಸೂದಾದ್ರೆ ಅದಕ್ಕೊಂದು ಕ್ರಮ ಬೇಕು. ಟಬ್ಬು ಗೇಟಿನ ಹೊರಗೇ ಇರಬೇಕು. ಎಲೆ ತೆಗೆಯೂಕಿಲ್ಲ.

ಬೆಳ್ಳಿ: ಎಲೆ ತೆಗೀದಿದ್ರೆ ಅದಕ್ಕೆ ವಾಸನೆ ಹ್ಯಾಂಗೆ ಬತ್ತದೆ ಹೆಗಡೇರೆ? ಇವತ್ತು ಗಾಳಿಗೆ ಎಲೆ ಸರಿದಿತ್ತು, ಹಾಂಗಾಗಿ ಬಂತು.

ಶ್ರೀರಾಮ: ಅರ್ಧ ತೆಗಿ.

ಬೆಳ್ಳಿ: ಅರ್ಧ ತೆಗೆದ್ರೆ ನೊಣ ಕೂತದೆ. ಆಮೇಲೆ ಆ ಮೀನು ನಿಮ್ಮ ನಾಯಿಯೇ ತಕಳಬೇಕು.

ಶ್ರೀರಾಮ: ಹಾಂಗಾದ್ರೆ ಕಾಲು ಭಾಗ. ಅನಿಲದ ಕಣಗಳು ಹರಡೂಕೆ ಅಷ್ಟು ಜಾಗ ಸಾಕು. ಅದು ಹ್ಯಾಂಗೆ ಅಂದ್ರೆ,

ಶಾಂಭವಿ: ನಿಂಗ ಪಾಠ ಹೇಳಿ ಮುಗಿಸೂದ್ರೊಳಗೆ ಬೆಳ್ಳಿಯ ಮೀನು ಹಳಸ್ತು. ಸುಮ್ನಿರಿ.

ಬೆಳ್ಳಿ ತನ್ನ ಕಡೆಯಿಂದ ಒಂದೇ ಮಾತು ಕೇಳಿದಳು. ಕೂರುವುದಾದರೆ ಶುಂಠಿ ಹಾಕಿದ ಚಾ ಬೇಕು. ಆತು ಎಂದಳು ಶಾಂಭವಿ. ಒಪ್ಪಂದವಾಯಿತು.

ಮಾರನೆಯ ಬೆಳಗಿನಿಂದ ವ್ಯವಸ್ಥೆ ಶುರು. ತಾಂಡೇಲ ಉಂಡಿತು, ಮರುದಿನವೂ ಉಂಡಿತು, ಮೈ ತುಂಬಿಕೊಳ್ಳತೊಡಗಿತು. ಶ್ರೀರಾಮ ತನ್ನ ವಿಧಾನ ಗೆದ್ದಿತೆಂದು ಕಾಲೇಜಿನಲ್ಲಿ ಹೇಳಿಕೊಂಡ, ಯಾವ ವಿಧಾನವೆಂದು ಹೇಳಲಿಲ್ಲ. ಮನೆಯೊಳಗೆ ಮೀನಿನ ಒಂದು ಹುರುಪೆಯೂ ಬಂದಿಲ್ಲ, ನಾಯಿಯ ಹೊಟ್ಟೆಗೂ ಹೋಗಿಲ್ಲ, ಧರ್ಮ ಗೇಟಿನ ಸರಳಿನಷ್ಟು ನೆಟ್ಟಗೆ ನಿಂತಿದೆ.

ಆದರೆ ದೂರದಿಂದ ನೋಡುವವರಿಗೆ ಕಾಣುವುದೇ ಬೇರೆ. ನಾನು ನನ್ನ ಗೋಡೆಯ ಮೇಲಿನಿಂದ ನೋಡಿದವನು, ನನಗೆ ನಾಯಿಯ ತಟ್ಟೆ ಕಾಣುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಕಂಪೌಂಡು ಅಡ್ಡ, ನಾಯಿ ಕಾಣುವುದಿಲ್ಲ. ಅವರಿಗೆ ಕಾಣುವುದು ಇಷ್ಟು: ಹೆಗಡೆಯವರ ಗೇಟಿನೆದುರು ಮೀನಿನ ಟಬ್ಬು, ಪಕ್ಕದಲ್ಲಿ ಆರಾಮ ಕೂತು ಚಾ ಕುಡಿಯುವ ಬೆಳ್ಳಿ, ಮತ್ತು ಟಬ್ಬಿನ ಮೇಲೆ ಬಗ್ಗಿ ಬಗ್ಗಿ ಕೈಯಾಡಿಸುವ ಪ್ರೊಫೆಸರರು. ಅವನು ಎಲೆಯನ್ನು ಕಾಲು ಭಾಗಕ್ಕೆ ಸರಿಸುತ್ತಿದ್ದ, ಹೆಚ್ಚಾಯಿತೆಂದು ಮುಚ್ಚುತ್ತಿದ್ದ, ಕಡಿಮೆಯಾಯಿತೆಂದು ಮತ್ತೆ ತೆಗೆಯುತ್ತಿದ್ದ. ಇಷ್ಟು ಚೌಕಾಶಿಯಲ್ಲಿ ಮೀನು ಆರಿಸುವ ಗಿರಾಕಿಯನ್ನು ಹೊನ್ನಾವರದ ಪೇಟೆ ಹಿಂದೆ ಕಂಡಿರಲಿಲ್ಲ.

ಸುದ್ದಿಗೆ ಕಾಲು ಬಂತು. ಕಿರಾಣಿ ಅಂಗಡಿಯ ದಾಸ ಶೆಟ್ಟರು ಶ್ರೀರಾಮನ ಸಾಮಾನಿನ ಜೊತೆ ಕೇಳದೆಯೇ ಒಂದು ಮುಷ್ಟಿ ಜುಮ್ಮನಕಾಯಿ ಹಾಕಿ, ಬಂಗಡೆ ಸಾರಿಗೆ ಇದಿಲ್ಲದಿದ್ದರೆ ರುಚಿಯೇ ಇಲ್ಲ ಎಂದು ಕಣ್ಣು ಮಿಟುಕಿಸಿದರು. ಕಾಲೇಜಿನಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಗಳು ಅವನ ಡಬ್ಬಿಯ ಸುತ್ತ ಸೇರಿ ನಿರಾಶರಾಗಿ ಹೋದರು. ಕುಮಟೆಯಲ್ಲೊಂದು ಉಪನಯನದ ಊಟಕ್ಕೆ ಕೂತಾಗ ಪಕ್ಕದ ಎಲೆಯ ಮುದುಕರೊಬ್ಬರು ತಮ್ಮ ಎಲೆಯನ್ನು ಆಚೆ ಸರಿಸಿಕೊಂಡರು. ಅದು ಶ್ರೀರಾಮನಿಗೆ ನಾಟಿತು. ಮನೆಗೆ ಬಂದವನು ಅಂಗಿ ಬಿಚ್ಚದೆ ಕೂತೇ ಇದ್ದ.

ಇದರ ಮೇಲೆ ವೆಂಕಟ ಮಾವ ಬಂದರು. ವೆಂಕಟ ಮಾವ ಎದುರುಮನೆಯವರು. ಯಾರಿಗೂ ಖಾಸಾ ಮಾವನಲ್ಲ, ಕೇರಿಗೆಲ್ಲ ಮಾವ. ಪುಣೆಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದು ನಿವೃತ್ತರಾಗಿ ಬಂದವರು. ಬಂದ ಲಾಗಾಯ್ತು ಕೇರಿಯ ಮಡಿ-ಮೈಲಿಗೆಯ ಸ್ಟೋರ್ಸು ಅವರ ಸುಪರ್ದಿಯಲ್ಲಿದೆ. ಮದುವೆಮನೆಗೆ ಹೋದರೂ ತಮ್ಮ ತಂಬಿಗೆಯಲ್ಲೇ ನೀರು ಒಯ್ಯುವ ಜನ. ಅವತ್ತು ಗೇಟಿನೊಳಗೆ ಕಾಲಿಡಲೂ ಒಲ್ಲೆನೆಂದು ಹೊರಗೇ ನಿಂತರು.

ವೆಂಕಟ ಮಾವ: ನಾಯಿಗೆ ಹೇಳಿ ನೀನು ಹೇಳ್ತೆ. ಆನು ನಂಬ್ತೆ. ಶಾಸ್ತ್ರ ನಂಬ್ತಿಲ್ಲೆ. ಆಘ್ರಾಣಂ ಅರ್ಧ ಭೋಜನಂ. ಮೂಸಿದ್ರೆ ಅರ್ಧ ಉಂಡಾಂಗೆ.

ಶ್ರೀರಾಮ: ಹಾಂಗಾದ್ರೆ ಮಾವ, ಬೆಳಗ್ಗೆ ಗಾಳಿ ನೆಲದಿಂದ ಸಮುದ್ರದ ಬದಿಗೆ ಬೀಸ್ತು. ಹೇಳಿದ್ರೆ ನಮ್ಮ ಗೇಟಿಂದ ನಿಂಗಳ ಜಗುಲಿಗೆ. ಅರ್ಧ ಭೋಜನ ಆಗ್ತಾ ಇಪ್ಪದು ನಿಂಗಳದ್ದು.

ವೆಂಕಟ ಮಾವ ತಮ್ಮ ಜಗುಲಿಯತ್ತ ತಿರುಗಿ ನೋಡಿದರು. ಮೂಗು ಒಮ್ಮೆ ಅಲುಗಿದ್ದನ್ನು ನಾನು ಕಂಡೆ.

ವೆಂಕಟ ಮಾವ: ಅದಕ್ಕೇ ಬಂದಿದ್ದು ಆನು. ತಡಕಳಲೆ ಆಗ್ತಿಲ್ಲೆ.

ಶಾಂಭವಿ: ಜಗುಲಿ ಬಾಗಿಲು ಹಾಕ್ಕಂಡ್ರೆ ಆತಲ್ಲ ಮಾವ.

ವೆಂಕಟ ಮಾವ: ಯನ್ನ ಬಾಗಿಲು ಆನೆಂತಕ್ಕೆ ಹಾಕಕ್ಕು? ನೋಡು ಶ್ರೀರಾಮ, ಟಬ್ಬು ಇನ್ನೂ ಬತ್ತು ಹೇಳಾದ್ರೆ ಕೇರಿಯ ಸತ್ಯನಾರಾಯಣ ಪೂಜೆಗೆ ನಿಂಗಳ ಮನೆ ಸಪಾದ ಭಕ್ಷ್ಯ ಬೇಡ. ಆನೇ ಎಲ್ಲರಿಗೂ ಹೇಳ್ತೆ.

ಅವರು ಹೋದರು. ಶಾಂಭವಿಗೆ ಸಪಾದ ಭಕ್ಷ್ಯದ ಚಿಂತೆ ಇರಲಿಲ್ಲ, ವರ್ಷಕ್ಕೊಮ್ಮೆ ಆ ಪ್ರಸಾದಕ್ಕೆ ಅಷ್ಟೊಂದು ರವೆ ಹುರಿದು ಸೋಲುವ ಕೈ ಅವಳದ್ದು. ಶ್ರೀರಾಮನಿಗೆ ಮಾತ್ರ ಉಪನಯನದ ಎಲೆ ಕಣ್ಣ ಮುಂದೆ ಇತ್ತು. ಮರುದಿನ ಬೆಳ್ಳಿ ಬಂದಾಗ ಟಬ್ಬು ಇಳಿಸಗೊಡಲಿಲ್ಲ. ನಾಳೆ ಬರುವಾಗ ಹಗ್ಗ ತಾ, ತಾಂಡೇಲನನ್ನು ಬಂದರಕ್ಕೆ ಕರೆದುಕೊಂಡು ಹೋಗು ಎಂದ. ಬೆಳ್ಳಿ ಅವನನ್ನೇ ನೋಡಿದಳು.

ಬೆಳ್ಳಿ: ನಾ ಮೊದಲೇ ಹೇಳಿದ್ದೆ, ಮರ್ಯಾದೆ ಹೋತದೆ ಅಂತ. ಈಗ ಹೋದ ಮರ್ಯಾದೆ ನಾಯಿ ಕಳಿಸಿದ್ರೆ ವಾಪಸ್ ಬತ್ತದ್ಯಾ?

ಶ್ರೀರಾಮ: ಸುಮ್ಮನೆ ಕರ್ಕೊಂಡು ಹೋಗು ಬೆಳ್ಳಿ.

ಬೆಳ್ಳಿ: ಹೋತೆ. ಆದ್ರೆ ಬಂದರದಲ್ಲಿ ಅದು ಬದುಕೂದಿಲ್ಲ. ಅದನ್ನೂ ಮೊದಲೇ ಹೇಳ್ತೆ, ಆಮೇಲೆ ಹೇಳಿಲ್ಲ ಅನ್ಬೇಡಿ.

ಅವತ್ತು ಟಬ್ಬಿಲ್ಲ. ತಾಂಡೇಲ ಮೊಸರನ್ನದ ಎದುರು ಕೂತು ಗೇಟು ನೋಡಿತು, ತಟ್ಟೆ ನೋಡಿತು, ತಪ್ಪು ಮನೆಗೆ ಬಂದವರ ಹಾಗೆ ಮುಖ ಮಾಡಿ ಹೋಗಿ ಮಲಗಿತು. ಶಾಂಭವಿ ಕಚೇರಿಗೆ ರಜೆ ಹಾಕಿದಳು. ಅಡಿಗೆ ಮಾಡಲಿಲ್ಲ. ಮಧ್ಯಾಹ್ನ ಶ್ರೀರಾಮ ತಾನೇ ಅನ್ನಕ್ಕಿಟ್ಟು ಸೀಯಿಸಿದ ವಾಸನೆ ನಮ್ಮ ಮನೆಯವರೆಗೆ ಬಂತು.

ಶಾಂಭವಿ: ಒಂದು ಕೇಳ್ತೆ. ಆನು ಆಫೀಸಿಂದ ತಡವಾಗಿ ಬಂದ್ರೆ ನಿಂಗಕ್ಕೆ ಗೊತ್ತಾಗ್ತಾ?

ಶ್ರೀರಾಮ: ಗೊತ್ತಾಗ್ತು. ಚಾ ತಡ ಆಗ್ತು.

ಶಾಂಭವಿ: ಅದಕ್ಕೆ ಚಾ ಬೇಡ. ಆದ್ರೂ ಗೊತ್ತಾಗ್ತು. ಗೇಟಿಗೆ ಬಂದು ಕಾಯ್ತು.

ಶ್ರೀರಾಮ: ಆನೆಂತ ಮಾಡಕ್ಕು ಶಾಂಭವಿ? ಆ ಮುದುಕ ಯನ್ನ ಎದುರಿಗೇ ಎಲೆ ಎಳಕಂಡ. ಯಂಗೆ ಅನ್ನ ಇಳಿದ್ದಿಲ್ಲೆ.

ಶಾಂಭವಿ: ಅನ್ನ ಇಳಿಯದ್ದೆ ಇಪ್ಪದು ಎಂತದು ಹೇಳಿ ಈಗ ಗೊತ್ತಾತಾ? ಅದಕ್ಕೂ ಹಾಂಗೇ.

ಶ್ರೀರಾಮ ಸೀದ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದ. ನನಗೆ ಕೂಡ ಗೋಡೆಯ ಈಚೆ ಕೂತಿರುವುದು ಕಷ್ಟವೆನಿಸಿತು. ಆದರೂ ಎದ್ದು ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ದೀಪ ಹಚ್ಚುವ ಹೊತ್ತಿಗೆ ಅವರ ಹಿತ್ತಿಲ ಬಾಗಿಲು ಯಾರೋ ತಟ್ಟಿದರು. ಆ ಬಾಗಿಲು ನನ್ನ ಅಡಿಗೆಮನೆಯ ಕಿಟಕಿಗೆ ನೇರ. ನೋಡಿದರೆ ವೆಂಕಟ ಮಾವ. ಹಿಂದಿನ ದಿನ ಮುಂಬಾಗಿಲಿನ ಗೇಟು ದಾಟಲೊಲ್ಲದವರು ಈಗ ಹಿತ್ತಿಲ ಬಾಳೆಯ ಸಂದಿಯಿಂದ ನುಸುಳಿ ಬಂದಿದ್ದರು. ಸೆಕೆಯಲ್ಲಿ ಶಾಲು ಹೊದ್ದಿದ್ದರು. ಶಾಲಿನೊಳಗೆ ಏನೋ ಉಬ್ಬಿತ್ತು.

ವೆಂಕಟ ಮಾವ: ಬಾಗಿಲು ಮುಂದೆ ಮಾಡು.

ಶ್ರೀರಾಮ: ನಾಯಿ ನಾಳೆ ಹೋಗ್ತು ಮಾವ. ಟಬ್ಬು ಇವತ್ತಿಂದಲೇ ಬಂದ್. ಇನ್ನೆಂತ ಆಗಕ್ಕು?

ವೆಂಕಟ ಮಾವ: ಬಂದ್ ಎಂತಕ್ಕೆ ಮಾಡಿದೆ?

ಶ್ರೀರಾಮ: ನಿಂಗಳೇ ಹೇಳಿದ್ದಿ.

ವೆಂಕಟ ಮಾವ: ಹೇಳಿದ್ದಿ. ಆನು ಹೇಳಿದ್ದೆಲ್ಲ ಕೇಳೂದು ಹೇಳಿ ಇದ್ದಾ? ಇಷ್ಟು ವರ್ಷ ಈ ಕೇರಿಲಿ ಎಷ್ಟು ಹೇಳಿದ್ದಿ, ಯಾವನಾದ್ರೂ ಕೇಳಿದ್ನಾ? ನಿಂಗೆ ಇದೊಂದೇ ಕೇಳಲೆ ಸಿಕ್ಕಿದ್ದಾ?

ಶಾಲಿನೊಳಗಿನಿಂದ ಒಂದು ಸ್ಟೀಲಿನ ಡಬ್ಬಿ ಹೊರಬಂತು. ಶಾಂಭವಿ ಪ್ರಸಾದವೆಂದು ತಿಳಿದು ಎರಡೂ ಕೈ ಚಾಚಿದಳು.

ವೆಂಕಟ ಮಾವ: ಖಾಲಿ ಇದ್ದು.

ಶಾಂಭವಿ: ಖಾಲಿ ಡಬ್ಬಿ ಎಂತಕ್ಕೆ ಮಾವ?

ವೆಂಕಟ ಮಾವ: ಪುಣೆಲಿದ್ದಾಗ ಸ್ಟೋರ್ಸಿಲಿ ಯನ್ನ ಪಕ್ಕದ ಟೇಬಲ್ಲಿನವ ಕೊಂಕಣದವ. ಮಧ್ಯಾಹ್ನ ಡಬ್ಬಿ ಬಿಚ್ತಿದ್ದ. ಒಂದಿನ ಸೀಗಡಿ ತಂದಿದ್ದ. ಒಂದು ತುಂಡು ನೋಡು ಹೇಳಿದ. ಬೇಡ ಹೇಳಲೆ ಆಜಿಲ್ಲೆ.

ಶ್ರೀರಾಮ: ಒಂದೇ ದಿನವಾ?

ವೆಂಕಟ ಮಾವ: ರಿಟೈರ್ ಆಪವರೆಗೆ.

ಅಡಿಗೆಮನೆಯಲ್ಲಿ ಶಾಂಭವಿ ಚಾಚಿದ ಕೈ ಹಿಂದೆ ತೆಗೆದುಕೊಂಡಳು. ಕಿಟಕಿಯ ಈಚೆ ನಾನು ಇನ್ನಷ್ಟು ಹತ್ತಿರ ಸರಿದೆ.

ವೆಂಕಟ ಮಾವ: ಊರಿಗೆ ಬಂದ ಮೇಲೆ ಮುಟ್ಟಿದ್ದಿಲ್ಲೆ. ಮರೆತೇ ಹೋಗಿತ್ತು ಮಾರಾಯ. ನೀನು ಟಬ್ಬು ಇಳಿಸಿದೆ, ಆ ಗಾಳಿ ಬೀಸ್ತು, ಯಂಗೆ ಸಂಧ್ಯಾವಂದನೆಗೆ ಕೂತ್ರೆ ಮಂತ್ರ ಅರ್ಧಕ್ಕೆ ನಿಲ್ತು. ಶ್ರೀಮತಿಗೆ ಗೊತ್ತಾದ್ರೆ ಯನ್ನ ಮನೆಯಿಂದ ಹೊರಗೆ ಹಾಕ್ತು. ಬೆಳ್ಳಿಯ ಕರೆದು ಕೇಳೂಹಾಂಗಿಲ್ಲೆ. ನಿಂಗಳ ಹೆಸರು ಹ್ಯಾಂಗಿದ್ರೂ ಹೋಯ್ದು. ಹೋದ ಹೆಸರಿಲೇ ಯಂಗೂ ನಾಲ್ಕು ತುಂಡು ತೆಗೆದಿಟ್ರೆ ನಿಂಗಕ್ಕೆಂತ ನಷ್ಟ?

ಶ್ರೀರಾಮ: ನಮ್ಮನೇಲಿ ಇಲ್ಲೆ ಮಾವ. ಯಾವತ್ತೂ ತಂದಿದ್ದಿಲ್ಲೆ.

ವೆಂಕಟ ಮಾವ: ಯನ್ನ ಹತ್ರ ಮುಚ್ಚಿಡಡ. ನೀನು ಬಗ್ಗಿ ಬಗ್ಗಿ ಆರಿಸೂದು ಯನ್ನ ಕಣ್ಣಾರೆ ನೋಡಿದ್ದಿ.

ಶ್ರೀರಾಮ: ಆರಿಸಿದ್ದಲ್ಲ, ಎಲೆ ಸರಿ ಮಾಡ್ತಿದ್ದಿ.

ವೆಂಕಟ ಮಾವ: ಎಲೆ ಸರಿ ಮಾಡಲೆ ಎಮ್ಮೆಸ್ಸಿ ಓದಿದವ ಬೇಕಾ? ಯನ್ನ ಹಣೆಬರಹ ಎಲ್ಲ ಬಿಚ್ಚಿ ಹೇಳಿದ ಮೇಲೂ ನೀನು ಕಳ್ಳಾಟ ಆಡ್ತೆ. ಕಡೇಪಕ್ಷ ಸಾರಾದ್ರೂ ಕೊಡು.

ಶ್ರೀರಾಮ ದೇವರ ಮೇಲೆ ಆಣೆ ಮಾಡಿದ. ಇಡಗುಂಜಿಯ ಗಣಪತಿಯ ಮೇಲೆ ಮಾಡು ಎಂದರು ವೆಂಕಟ ಮಾವ. ಅದನ್ನೂ ಮಾಡಿದ. ಒಲೆಯ ಮೇಲಿನ ಪಾತ್ರೆಗಳ ಮುಚ್ಚಳ ಒಂದೊಂದಾಗಿ ತೆಗೆದು ತೋರಿಸಿದ. ಇದ್ದುದು ಸೀದ ಅನ್ನ ಮಾತ್ರ. ಮುದುಕರ ಮುಖ ಬಾಡಿತು. ನಿಜವಾಗಿಯೂ ಏನೂ ಇಲ್ಲವೆಂದು ಗೊತ್ತಾದಾಗ ಅವರಿಗೆ ನಾಚಿಕೆಗಿಂತ ಮೊದಲು ಬಂದದ್ದು ದುಃಖ. ಡಬ್ಬಿಯನ್ನು ಶಾಲಿನೊಳಗೆ ಸೇರಿಸಿಕೊಂಡು ಹೊರಟರು. ಶಾಂಭವಿ ಬಾಗಿಲಿಗೆ ಅಡ್ಡ ನಿಂತಳು.

ಶಾಂಭವಿ: ಕೂತ್ಗಳಿ ಮಾವ. ನಮ್ಮನೇಲಿ ಮೀನು ಇಲ್ಲೆ, ಮುಂದೆಯೂ ಬತ್ತಿಲ್ಲೆ. ವಾಸನೆ ಇದ್ದು. ಅದೇ ಅರ್ಧ ಭೋಜನ ಹೇಳಿ ನಿಂಗಳೇ ಹೇಳಿದ್ದಿ.

ವೆಂಕಟ ಮಾವ: ಹೇಳಿದ್ದಿ.

ಶಾಂಭವಿ: ವಾಸನೆ ಬರಕ್ಕಾದ್ರೆ ಟಬ್ಬು ಬರಕ್ಕು. ಟಬ್ಬು ಬರಕ್ಕಾದ್ರೆ ನಾಯಿ ಇಲ್ಲೇ ಇರಕ್ಕು. ನಾಯಿ ಇರಕ್ಕಾದ್ರೆ ಕೇರಿ ಬಾಯಿ ಮುಚ್ಚಕ್ಕು. ಕೇರಿ ಬಾಯಿ ಮುಚ್ಚಕ್ಕಾದ್ರೆ ನಿಂಗ ಬಾಯಿ ಬಿಡಕ್ಕು.

ವೆಂಕಟ ಮಾವ: ಆನು ಎಂತ ಹೇಳಕ್ಕು?

ಶಾಂಭವಿ: ಇದ್ದಿದ್ದು ಇದ್ದಾಂಗೆ. ನಾಯಿ ಮೊಸರನ್ನ ಉಣ್ತು, ಮನೆಯವು ಮೀನು ತಿಂತ್ವಿಲ್ಲೆ, ಆನು ಒಳಗೆ ಹೋಗಿ ಪಾತ್ರೆ ಮುಚ್ಚಳ ತೆಗೆದು ನೋಡಿ ಬಂದಿದ್ದಿ ಹೇಳಿ. ಸುಳ್ಳಲ್ಲ, ಈಗಷ್ಟೇ ನೋಡಿದ್ದಿ. ಡಬ್ಬಿ ಸುದ್ದಿ ಬೇಡ, ಅದನ್ನ ನಂಗ ಯಾರಿಗೂ ಹೇಳ್ತ್ವಿಲ್ಲೆ.

ವೆಂಕಟ ಮಾವ ಕೂತರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು, ಎಲೆಯನ್ನು ಕಾಲು ಭಾಗದ ಬದಲು ಅರ್ಧ ತೆಗೆಯಲಾಗುತ್ತದೆಯೇ ಎಂದು.

ಬೆಳಗಾಯಿತು. ಹಾಲಿನ ಬೂತಿನ ಬಳಿ ವೆಂಕಟ ಮಾವ ಭಾಷಣವನ್ನೇ ಮಾಡಿದರಂತೆ. ಹೆಗಡೆಯ ಮನೆಯನ್ನು ತಾನು ಖುದ್ದು ತಪಾಸಣೆ ಮಾಡಿದ್ದೇನೆ, ಒಲೆಯಿಂದ ಹಿಡಿದು ಒಗ್ಗರಣೆ ಸೌಟಿನವರೆಗೆ ಶುದ್ಧ, ಮುದಿ ಪ್ರಾಣಿಗೆ ಆಪತ್ಕಾಲದಲ್ಲಿ ಶಾಸ್ತ್ರದ ಸಡಿಲಿಕೆ ಇದೆ, ಇನ್ನು ಯಾರಾದರೂ ಮಾತಾಡಿದರೆ ತನ್ನ ಹತ್ತಿರ ಬಂದು ಮಾತಾಡಲಿ. ವೆಂಕಟ ಮಾವನ ಹತ್ತಿರ ಹೋಗಿ ಮಾತಾಡುವ ಧೈರ್ಯ ಕೇರಿಯಲ್ಲಿ ಯಾರಿಗಿದೆ? ಬೂತಿನಲ್ಲಿದ್ದವರು ಹಾಲು ತೆಗೆದುಕೊಂಡು ಮನೆಗೆ ಹೋದರು.

ಬೆಳ್ಳಿ ಹಗ್ಗ ಹಿಡಿದೇ ಬಂದಿದ್ದಳು, ಮುಖ ಗಂಟಿಕ್ಕಿಕೊಂಡು. ನಾಯಿ ಎಲ್ಲಿಗೂ ಹೋಗುವುದಿಲ್ಲ ಎಂದು ಶಾಂಭವಿ ಹೇಳಿದಾಗ ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿ ಟಬ್ಬು ಇಳಿಸಿದಳು. ಇವತ್ತು ಚಾಕ್ಕೆ ಏಲಕ್ಕಿಯೂ ಬೇಕೆಂದಳು. ಶ್ರೀರಾಮ ಚಾ ತಾನೇ ತಂದುಕೊಟ್ಟ, ಬಗ್ಗಿ ಎಲೆಯನ್ನು ಸರಿಯಾಗಿ ಅರ್ಧಕ್ಕೆ ಸರಿಸಿದ, ಯಾರು ನೋಡುತ್ತಾರೆಂದು ಈ ಸಲ ತಿರುಗಿ ನೋಡಲಿಲ್ಲ. ತಾಂಡೇಲ ನಿನ್ನೆಯದನ್ನೂ ಸೇರಿಸಿ ಉಂಡಿತು.

ಎದುರುಮನೆಯಲ್ಲಿ ವೆಂಕಟ ಮಾವ ಕುರ್ಚಿಯನ್ನು ಜಗುಲಿಯ ಅಂಚಿಗೆ ಎಳೆದು, ಟಬ್ಬಿಗೆ ಮುಖ ಮಾಡಿ ಕೂತಿದ್ದರು. ಎಳೆ ಬಿಸಿಲು ಕಾಯುತ್ತ ಉಣ್ಣುವುದು ಮೈಗೆ ಒಳ್ಳೆಯದೆಂದು ಹೆಂಡತಿಗೆ ಹೇಳಿದ್ದರಂತೆ. ಶ್ರೀಮತಿ ಅತ್ತೆ ಖುಷಿಯಿಂದ ಮೊಸರನ್ನದ ತಟ್ಟೆ ತಂದು ಕೈಗೆ ಕೊಟ್ಟು ಒಳಗೆ ಹೋದರು. ಮಾವ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಗಾಳಿ ಸರಿಯಾದ ದಿಕ್ಕಿನಲ್ಲೇ ಬೀಸುತ್ತಿತ್ತು.

ಬೆಳ್ಳಿ: ತಾಂಡೇಲಂದು ಉಂಡಾತು ಅಮ್ಮಾ. ನನಗೆ ಹೊತ್ತಾತು, ಟಬ್ಬು ಎತ್ಲಾ?

ಶಾಂಭವಿ: ಒಂದು ಗಳಿಗೆ ತಡಿ ಬೆಳ್ಳಿ. ಎದುರುಮನೆಯವರದ್ದು ಇನ್ನೂ ಮುಗೀಲಿಲ್ಲ.